ಬೀಚಿನಲ್ಲಿ ಮನೆಮಂದಿಯ ಫೋಟೋ, ಅದೂ ರೀಲ್ ಕ್ಯಾಮೆರಾದಲ್ಲಿ: ಸೂರ್ಯಾಸ್ತ ಬಿಡಿ, ಬೆಳಿಗ್ಗೆ ಏಳಿ

ಬೆಂಗಳೂರಿನ ಮನೆಗಳ ಆಲ್ಬಮ್ಮಿನಲ್ಲಿ ಒಂದು ಬೀಚ್ ಫೋಟೋ ಇದ್ದೇ ಇರುತ್ತದೆ. ಹಿಂದೆ ಕಿತ್ತಳೆ ಹಣ್ಣಿನಂಥ ಸೂರ್ಯ, ಮುಂದೆ ಸಾಲಾಗಿ ನಿಂತ ಎಂಟು ಕಪ್ಪು ಬೊಂಬೆಗಳು. ಉದ್ದಕ್ಕಿರೋದು ಭಾವ, ಸೆರಗು ಹಾರ್ತಿರೋದು ದೊಡ್ಡಮ್ಮ ಅಂತ ಅಂದಾಜಿನ ಮೇಲೆ ಗುರುತು ಹಿಡಿಯಬೇಕು. ನಮ್ಮನೆಯಲ್ಲಿ ಅಂಥವು ನಾಲ್ಕಿವೆ. ಎರಡು ನಾನೇ ತೆಗೆದದ್ದು.

ತಪ್ಪು ಕ್ಯಾಮೆರಾದ್ದಲ್ಲ, ಹೊತ್ತಿನದು. ನಮ್ಮ ಕರಾವಳಿಯಲ್ಲಿ ಕಡಲು ಇರುವುದು ಪಶ್ಚಿಮಕ್ಕೆ. ಸಂಜೆ ಕಡಲಿಗೆ ಬೆನ್ನು ಮಾಡಿಸಿ ನಿಲ್ಲಿಸಿದರೆ ಬೆಳಕೆಲ್ಲ ಬೆನ್ನಿಗೇ ಬೀಳುತ್ತದೆ, ಮುಖಕ್ಕೆ ಏನೂ ಉಳಿಯುವುದಿಲ್ಲ. ಬೆಳಿಗ್ಗೆ ಇದು ಪೂರ್ತಿ ಉಲ್ಟಾ. ಸೂರ್ಯ ಘಟ್ಟದ ಕಡೆಯಿಂದ, ತೆಂಗಿನ ತೋಟದ ಮೇಲಿಂದ ಬರುತ್ತಾನೆ, ಬೆಳಕು ಸೀದಾ ಮುಖಕ್ಕೆ. ಗಾಳಿಯೂ ಹಾಗೇ. ಹಗಲೆಲ್ಲ ನೆಲ ಕಾದಿರುವುದರಿಂದ ಸಂಜೆ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ, ಹಿಂದಿನಿಂದ ಬಂದು ಕೂದಲನ್ನೆಲ್ಲ ಮುಖದ ಮೇಲೆ ತಂದು ಹಾಕುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಅದೂ ಮೆಲ್ಲಗೆ. ಕೂದಲು ತಾನಾಗೇ ಹಿಂದಕ್ಕೆ ಸರಿಯುತ್ತದೆ.

ಇಷ್ಟು ತಿಳಿಯೋಕೆ ನನಗೆ ಮೂರು ಪ್ರವಾಸ, ಸುಮಾರು ರೀಲು ಬೇಕಾಯಿತು. ರೀಲಿನಲ್ಲಿ ಒಂದೊಂದು ಕ್ಲಿಕ್ಕಿಗೂ ದುಡ್ಡು. ರೀಲು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿಸಿ ನಾನು ಲೆಕ್ಕ ಹಾಕಿದರೆ ಕ್ಲಿಕ್ಕಿಗೆ ಹೆಚ್ಚುಕಡಿಮೆ ಐವತ್ತು ರೂಪಾಯಿ ಬೀಳುತ್ತದೆ. ಹಾಗಾಗಿ ನಾನು ಈಗ ಹೇಗೆ ಮಾಡುತ್ತೇನೋ ಅದನ್ನು ಮೊದಲಿನಿಂದ ಹೇಳುತ್ತೇನೆ.

ಊರು ಬಿಡುವ ಮುಂಚೆ

ಮನೆಯ ಅಟ್ಟದಲ್ಲಿ ಯಾವ ಕ್ಯಾಮೆರಾ ಇದೆಯೋ ಅದೇ ಸಾಕು. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ10, ಮಾವ ಬಿಟ್ಟುಹೋದ ಯಾಶಿಕಾ, ಯಾವುದಾದರೂ ಸರಿ. 50 ಎಂಎಂ ಲೆನ್ಸ್ ಇದ್ದರೆ ಅದನ್ನೇ ಹಾಕಿ. 28 ಎಂಎಂನಂಥ ಅಗಲದ ಲೆನ್ಸಿನಲ್ಲಿ ಸಾಲಿನ ಕೊನೆಯಲ್ಲಿ ನಿಂತವರು ಅಡ್ಡಕ್ಕೆ ಎಳೆದ ಹಾಗೆ ಬರುತ್ತಾರೆ, ಆಮೇಲೆ ಅತ್ತೆ ವರ್ಷಗಟ್ಟಲೆ ಅದನ್ನೇ ಹೇಳುತ್ತಾರೆ.

ಹಳೆಯ ಕ್ಯಾಮೆರಾ ಆದರೆ ಒಂದು ರೀಲು ಇಲ್ಲೇ ಖರ್ಚು ಮಾಡಿ ನೋಡಿ. ನಾನು ಲಾಲ್‌ಬಾಗ್ ಬಂಡೆಗೆ ಹೋಗುತ್ತೇನೆ. ಸುಮ್ನೆ ಅಲ್ಲ. ಬಂಡೆಯ ಮೇಲೆ ನೆರಳಿಲ್ಲ, ಕಾಲ ಕೆಳಗಿನ ಕಲ್ಲೇ ಬೆಳಕನ್ನು ಮೇಲಕ್ಕೆ ಎರಚುತ್ತದೆ, ಹಿಂದೆ ಖಾಲಿ ಆಕಾಶ. ಮರಳಿನ ಮೇಲೆ ಆಗುವ ತೊಂದರೆಗಳಲ್ಲಿ ಅರ್ಧ ಅಲ್ಲೇ ಗೊತ್ತಾಗಿಬಿಡುತ್ತವೆ. ಆ ರೀಲು ತೊಳೆಸಿ ನೋಡಿದಾಗ ಫೋಟೋ ಮೇಲೆ ಕೆಂಪು ಗೀರೋ ಮಂಜೋ ಕಂಡರೆ ಹಿಂದಿನ ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಕರಗಿ ಬೆಳಕು ಒಳಗೆ ಹೋಗುತ್ತಿದೆ ಅಂತ ಅರ್ಥ. ರಿಪೇರಿ ಮಾಡುವವರು ಅದನ್ನು ಬದಲಿಸಿಕೊಡುತ್ತಾರೆ. ಬ್ಯಾಟರಿ ಹೊಸದು ಹಾಕಿ. ಕೆ1000, ಎಫ್‌ಎಂ10 ಎರಡಕ್ಕೂ ಎಲ್‌ಆರ್44 ಬಟನ್ ಸೆಲ್ಲೇ, ಎರಡು ಜಾಸ್ತಿ ಜೇಬಿನಲ್ಲಿರಲಿ.

ರೀಲು ಯಾವುದು? ಮುಖಗಳಿಗೆ ನನಗೆ ಕೊಡಾಕ್ ಪೋರ್ಟ್ರಾ 400 ಇಷ್ಟ. ಬಿಸಿಲಿಗೂ ನೆರಳಿಗೂ ಹೊಂದಿಕೊಳ್ಳುತ್ತದೆ, ನಮ್ಮ ಮೈಬಣ್ಣವನ್ನು ಕೆಡಿಸುವುದಿಲ್ಲ. ಬೆಲೆ ಜಾಸ್ತಿ ಅನ್ನಿಸಿದರೆ ಗೋಲ್ಡ್ 200 ತಗೊಳ್ಳಿ, ಸ್ವಲ್ಪ ಹಳದಿ ಛಾಯೆ ಇರುತ್ತದೆ, ಬೆಳಗಿನ ಬಿಸಿಲಿಗೆ ಅದು ಚೆನ್ನಾಗೇ ಕಾಣುತ್ತದೆ. ಎಕ್ಟಾರ್ 100 ಬೇಡ. ಕಡಲು, ದೋಣಿಗೆಲ್ಲ ಸೊಗಸು, ಆದರೆ ಮುಖಗಳು ಕೆಂಪಗಾಗುತ್ತವೆ. ಕಪ್ಪು ಬಿಳುಪು ಬೇಕಿದ್ದರೆ ಇಲ್‌ಫರ್ಡ್ ಎಚ್‌ಪಿ5 ಹಾಕಿ, ಲೆನ್ಸಿಗೆ ಹಳದಿ ಫಿಲ್ಟರ್ ಇರಲಿ, ಆಕಾಶ ಸ್ವಲ್ಪ ಗಾಢವಾಗುತ್ತದೆ. ಕ್ಯಾಮೆರಾದ ಒಳಗಿನ, ಬೆಳಕು ಅಳೆಯುವ ಮೀಟರ್ ಫಿಲ್ಟರ್ ನುಂಗುವ ಬೆಳಕನ್ನು ತಾನೇ ಲೆಕ್ಕ ಹಾಕುತ್ತದೆ, ಕೈಯಲ್ಲಿ ಬೇರೆ ಮೀಟರ್ ಹಿಡಿದು ಅಳೆದರೆ ಮಾತ್ರ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು, ಕೊಡಿ. ಕೆಂಪು ಫಿಲ್ಟರ್ ಹಾಕಿದರೆ ಎಲ್ಲರೂ ಸುಣ್ಣ ಬಳಿದುಕೊಂಡ ಹಾಗೆ ಕಾಣುತ್ತಾರೆ.

ಬಟ್ಟೆ ವಿಷಯದಲ್ಲಿ ಎಲ್ಲರೂ ಬಿಳಿ ಅಂಗಿ ಹಾಕುವ ಒಂದು ಫ್ಯಾಷನ್ ಇದೆಯಲ್ಲ, ದಯವಿಟ್ಟು ಬೇಡ. ಬಿಸಿಲಿನಲ್ಲಿ ಬಿಳಿ ಅಂಗಿ ಕಣ್ಣಿಗೆ ಕುಕ್ಕುತ್ತದೆ, ಮುಖ ಮಂಕಾಗುತ್ತದೆ. ಅರಿಶಿನ, ಇಟ್ಟಿಗೆ ಕೆಂಪು, ಗಿಳಿ ಹಸಿರು, ಹತ್ತಿ ಸೀರೆ, ಪಂಚೆ, ಏನು ಬೇಕಾದರೂ ಇರಲಿ, ಒಬ್ಬೊಬ್ಬರದು ಒಂದೊಂದು ಇದ್ದರೂ ಸರಿ. ಅಜ್ಜಿಗೆ ಸೆರಗಿಗೊಂದು ಪಿನ್ ಹಾಕಿಕೊಳ್ಳೋಕೆ ಹೇಳಿ.

ಹೋಗುವ ದಾರಿ

ಸಂಜೆ ಬೆಂಗಳೂರು ಬಿಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಉಡುಪಿ, ಕುಂದಾಪುರ, ಕಾರವಾರ ಎಲ್ಲೆಂದರಲ್ಲಿ ಇಳಿಯಬಹುದು. ಇಳಿದ ದಿನವೇ ಫೋಟೋಗೆ ನಿಲ್ಲಿಸಬೇಡಿ, ನಿದ್ದೆಗೆಟ್ಟ ಕಣ್ಣು ರೀಲಿನಲ್ಲಿ ಎದ್ದು ಕಾಣುತ್ತದೆ. ಒಂದು ರಾತ್ರಿ ಉಳಿದು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ರೀಲನ್ನು ಎಕ್ಸ್‌ರೇ ಯಂತ್ರದಿಂದ ಆದಷ್ಟೂ ದೂರ ಇಡಿ. ನಮ್ಮ ಮೆಟ್ರೋ ಸ್ಟೇಷನ್ನಿನಲ್ಲೂ ಬ್ಯಾಗ್ ಸ್ಕ್ಯಾನರ್ ಇದೆ ಅನ್ನೋದು ತುಂಬ ಜನಕ್ಕೆ ನೆನಪೇ ಇರುವುದಿಲ್ಲ. 200, 400ರ ರೀಲು ಹಳೆಯ ಬಗೆಯ ಯಂತ್ರದಲ್ಲಿ ಒಂದು ಸಲ ಹಾದರೆ ಏನೂ ಆಗಲಿಕ್ಕಿಲ್ಲ, ಆದರೆ ಪ್ರತಿ ಸಲದ್ದೂ ಕೂಡುತ್ತಾ ಹೋಗುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಕೈಯಲ್ಲಿ ಹಿಡಿದು "ಸಾರ್, ಇದು ಫಿಲ್ಮು, ಕೈಯಲ್ಲೇ ನೋಡ್ತೀರಾ?" ಅಂತ ಕೇಳಿ. ಹೆಚ್ಚಿನ ಸಲ ಒಪ್ಪುತ್ತಾರೆ. ವಿಮಾನದಲ್ಲಿ ಮಂಗಳೂರಿಗೆ ಹೋಗುವವರು ಚೆಕ್-ಇನ್ ಲಗೇಜಿನಲ್ಲಿ ರೀಲು ಹಾಕಲೇಬಾರದು. ಈಗ ಬಂದಿರುವ ಸಿಟಿ ಸ್ಕ್ಯಾನ್ ಬಗೆಯ ಯಂತ್ರಗಳಂತೂ ಒಂದೇ ಸಲಕ್ಕೆ ರೀಲು ಹಾಳು ಮಾಡಬಲ್ಲವು. ಕಾರಿನಲ್ಲಿ ಹೋಗುವವರಿಗೆ ಈ ತಾಪತ್ರಯ ಇಲ್ಲ, ಆದರೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ರೀಲು ಬಿಡಬೇಡಿ.

ಜಾಗ ನೋಡುವುದು, ಹಿಂದಿನ ಸಂಜೆ

ಸೂರ್ಯಾಸ್ತ ನೋಡೋಕೆ ಹೇಗೂ ಮನೆಯವರೆಲ್ಲ ಹೋಗುತ್ತಾರೆ. ಅವರು ಚುರುಮುರಿ ತಿನ್ನುವಾಗ ನೀವು ಜಾಗ ಹುಡುಕಿ. ಬೆನ್ನ ಹಿಂದೆ ಪೂರ್ವಕ್ಕೆ ಏನಿದೆ ನೋಡಿ. ದಟ್ಟ ತೆಂಗಿನ ತೋಟವೋ ಎತ್ತರದ ಕಟ್ಟಡವೋ ಇದ್ದರೆ ಬೆಳಿಗ್ಗೆ ಮರಳಿನ ಮೇಲೆ ಬಿಸಿಲು ಬೀಳುವುದು ತಡ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಪೂರ್ವಕ್ಕೆ ನದಿ ತೆರೆದಿರುವುದರಿಂದ ಬೆಳಕು ಬೇಗ ಬರುತ್ತದೆ, ಆದರೆ ಮಕ್ಕಳಿದ್ದರೆ ಹೆದ್ದಾರಿ ಪಕ್ಕದಲ್ಲೇ ಇದೆ ಅನ್ನೋದು ನೆನಪಿರಲಿ. ಕಾಪುವಿನಲ್ಲಿ ಬಂಡೆ ಇದೆ, ಅದರ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ, ಸಂಜೆ ಕಾಲಿಡೋಕೆ ಜಾಗ ಇರುವುದಿಲ್ಲ, ಬೆಳಿಗ್ಗೆ ಏಳು ಗಂಟೆಗೆ ನಾಯಿಗಳು ಮತ್ತು ನೀವು. ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಎರಡಕ್ಕೂ 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಅಲ್ಲಿ ಚೊಕ್ಕವಾಗಿರುತ್ತದೆ, ಹಿಂದೆ ಪ್ಲಾಸ್ಟಿಕ್ ಬಾಟಲಿ ಬೀಳುವ ಭಯ ಕಮ್ಮಿ.

ಉಬ್ಬರ ಇಳಿತದ ಹೊತ್ತನ್ನು ಅಲ್ಲೇ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿ, ಬಾಯಲ್ಲೇ ಇರುತ್ತದೆ ಅವರಿಗೆ. ಇವತ್ತು ನೀರು ಇಳಿದ ಹೊತ್ತಿಗೆ ಸುಮಾರು 50 ನಿಮಿಷ ಸೇರಿಸಿದರೆ ನಾಳೆಯದು. ನೀರು ಇಳಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಜ್ಜಿ ನಿಲ್ಲೋಕೆ ಸುಲಭ, ಅದರಲ್ಲಿ ಕನ್ನಡಿಯ ಹಾಗೆ ಆಕಾಶ ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇದ್ದರೆ ನೀರು ಜಾಸ್ತಿ ಮೇಲಕ್ಕೂ ಬರುತ್ತದೆ, ಜಾಸ್ತಿ ಕೆಳಕ್ಕೂ ಹೋಗುತ್ತದೆ.

ರೀಲನ್ನು ಆ ರಾತ್ರಿಯೇ ರೂಮಿನಲ್ಲಿ ಹಾಕಿಕೊಳ್ಳಿ, ಬೀಚಿನಲ್ಲಿ ಬೇಡ. ಹಾಕಿದ ಮೇಲೆ ಎಡಗಡೆಯ ರಿವೈಂಡ್ ಗುಂಡಿಯನ್ನು ಮೆಲ್ಲಗೆ ಬಿಗಿ ಮಾಡಿ, ಆಮೇಲೆ ಲಿವರ್ ಎಳೆಯಿರಿ. ಲಿವರ್ ಜೊತೆ ಆ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ರೀಲು ಹಲ್ಲಿಗೆ ಕಚ್ಚಿಕೊಂಡಿಲ್ಲ. ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಂದು ಸಲ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ, ಬೈದು, ನಗಿಸಿ, ಮತ್ತೆ ನಿಲ್ಲಿಸಿ, ಕ್ಲಿಕ್ ಮಾಡುತ್ತಲೇ ಹೋದೆ. ಮೇಲಿನ ಅಂಕಿ 36 ಆಯಿತು, 38 ಆಯಿತು, 40 ಆಯಿತು. ಆಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಆ ಅಂಕಿ ಒಳಗೆ ರೀಲು ಓಡುತ್ತಿದೆಯೋ ಇಲ್ಲವೋ ನೋಡುವುದಿಲ್ಲ, ಲಿವರ್ ಎಳೆದದ್ದನ್ನಷ್ಟೇ ಎಣಿಸುತ್ತದೆ. ಒಂದೂ ಬಂದಿರಲಿಲ್ಲ. ಆ ಹನ್ನೊಂದು ಜನ ಮತ್ತೆ ಒಟ್ಟಿಗೆ ಒಂದು ಕಡೆ ಸೇರಿದ್ದು ಎರಡು ವರ್ಷದ ಮೇಲೆ, ಅದೂ ಮದುವೆ ಛತ್ರದಲ್ಲಿ.

ಇನ್ನೊಂದು ಮಾತು. ಎಸಿ ರೂಮಿನಿಂದ ಕ್ಯಾಮೆರಾವನ್ನು ಸೀದಾ ಹೊರಗೆ ತಂದರೆ ಲೆನ್ಸ್ ಪೂರ್ತಿ ಮಂಜು ಹಿಡಿಯುತ್ತದೆ. ಕರಾವಳಿಯ ಸೆಕೆಗೆ ಅದು ಬೇಗ ಹೋಗುವುದೂ ಇಲ್ಲ. ರಾತ್ರಿಯೇ ಬ್ಯಾಗನ್ನು ಎಸಿ ಇಲ್ಲದ ಕಡೆ ಇಡಿ, ಇಲ್ಲ ಅರ್ಧ ಗಂಟೆ ಮುಂಚೆ ಬ್ಯಾಗ್ ಸಮೇತ ಹೊರಗಿಡಿ.

ಬೆಳಿಗ್ಗೆ: ಬೆಳಕು ಅಳೆಯುವುದು

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹೊತ್ತಿಗೆ. ಏಳೂಕಾಲಿನಿಂದ ಎಂಟರವರೆಗೆ ನಿಮ್ಮ ಸಮಯ. ಎಂಟೂವರೆ ಆದ ಮೇಲೆ ಬಿಸಿಲು ಚುರುಕಾಗುತ್ತದೆ, ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಮಕ್ಕಳಿಗೆ ಹಸಿವು, ದೊಡ್ಡವರಿಗೆ ನೀರ್‌ದೋಸೆ ನೆನಪು.

ಮೀಟರ್ ಬಗ್ಗೆ ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ಕ್ಯಾಮೆರಾದೊಳಗಿನ ಮೀಟರ್ ಎದುರಿಗೆ ಕಂಡದ್ದನ್ನೆಲ್ಲ ಮಧ್ಯಮ ಬೂದು ಅಂದುಕೊಳ್ಳುತ್ತದೆ. ಮರಳು, ನೊರೆ, ಆಕಾಶ ಎಲ್ಲ ಬೆಳ್ಳಗೆ ಹೊಳೆಯುತ್ತಿದ್ದರೆ, ಅಯ್ಯೋ ಬೆಳಕು ಜಾಸ್ತಿ ಆಯಿತು ಅಂತ ಕಮ್ಮಿ ಮಾಡಿಸುತ್ತದೆ. ನೀವು ಅದರ ಮಾತು ಕೇಳಿದರೆ ಮರಳು ಬೂದಿಯಾಗುತ್ತದೆ, ಮುಖಗಳು ಕಪ್ಪಾಗುತ್ತವೆ. ಅದಕ್ಕೇ ಮೀಟರಿಗೆ ಬೀಚನ್ನು ತೋರಿಸಲೇಬೇಡಿ. ಮನೆಯವರ ಮುಖದ ಮೇಲೆ ಬೀಳುವ ಬೆಳಕೇ ನಿಮ್ಮ ಅಂಗೈ ಮೇಲೂ ಬೀಳುವ ಹಾಗೆ ಕೈ ಹಿಡಿಯಿರಿ, ಕ್ಯಾಮೆರಾವನ್ನು ಹತ್ತಿರ ತಂದು ಪೂರ್ತಿ ಅಂಗೈ ತುಂಬಿಸಿ ಅಳೆಯಿರಿ, ನಿಮ್ಮ ಕೈಯ ನೆರಳು ಬೀಳದಿರಲಿ. ಬಂದದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡಿ, ಏಕೆಂದರೆ ಅಂಗೈ ಮಧ್ಯಮ ಬೂದಿಗಿಂತ ಬೆಳ್ಳಗಿರುತ್ತದೆ. ಮೀಟರು 1/250 (ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ ಭಾಗದಲ್ಲಿ), ಎಫ್ 8 (ಲೆನ್ಸಿನ ಕಿಂಡಿಯ ಅಳತೆ, ಅದೇ ಅಪರ್ಚರ್) ಅಂದರೆ ನೀವು 1/125, ಎಫ್ 8 ಇಟ್ಟುಕೊಳ್ಳಿ. ಒಂದು ಸಲ ಅಳೆದು ಇಟ್ಟ ಮೇಲೆ ಮೋಡ ಬರುವವರೆಗೆ ಮುಟ್ಟಬೇಡಿ.

ಪೋರ್ಟ್ರಾ 400 ಆದರೆ ನಾನು ಕ್ಯಾಮೆರಾದ ಐಎಸ್‌ಒ ಗುಂಡಿಯನ್ನು (ರೀಲಿಗೆ ಎಷ್ಟು ಬೆಳಕು ಬೇಕು ಅಂತ ಮೀಟರಿಗೆ ಹೇಳುವುದು) 200ಕ್ಕೇ ಇಡುತ್ತೇನೆ, ಆಗ ಎರಡರಷ್ಟು ಬೆಳಕು ಸಿಗುತ್ತದೆ, ತೊಳೆಸುವಾಗ ಮಾಮೂಲಿಯಂತೆ ತೊಳೆಯಿರಿ ಅನ್ನುತ್ತೇನೆ. ಕಲರ್ ನೆಗೆಟಿವ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ಮಾತ್ರ ನೆರಳಿನಲ್ಲೆಲ್ಲ ಕೆಸರು ಬಣ್ಣ ಬರುತ್ತದೆ. ಡಿಜಿಟಲ್ಲಿಗೆ ಪಳಗಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ, ಅಲ್ವಾ?

ಅಪರ್ಚರ್ ಎಫ್ 8ರ ಆಸುಪಾಸು ಇರಲಿ. 50 ಎಂಎಂ ಲೆನ್ಸಿನಲ್ಲಿ ನಾಲ್ಕು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಎಫ್ 8ರಲ್ಲಿ ಸುಮಾರು ಮೂರು ಮೀಟರಿನಿಂದ ಆರೂವರೆ ಮೀಟರಿನವರೆಗೆ ಎಲ್ಲ ಸ್ಪಷ್ಟ ಬರುತ್ತದೆ. ಅದೇ ಎಫ್ 2ರಲ್ಲಿ ಮುಕ್ಕಾಲು ಮೀಟರ್ ಅಷ್ಟೇ. ಎರಡು ಸಾಲು ಜನ ಅದರಲ್ಲಿ ಹಿಡಿಸುವುದಿಲ್ಲ. ಹಿಂದೆ ಮಸುಕಾಗಿರಬೇಕು ಅನ್ನುವ ಆಸೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಇಲ್ಲಿ ಎಲ್ಲರ ಮುಖವೂ ಬೇಕು. ಶಟರ್ 1/125ಕ್ಕಿಂತ ಕೆಳಗೆ ಹೋಗಬೇಡಿ.

ನಿಲ್ಲಿಸುವುದು

ಅಜ್ಜಿ ತಾತನಿಗೆ ಲಾಡ್ಜಿನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ಕೇಳಿ ತನ್ನಿ, ಇಲ್ಲ ಒಂದು ಬೆಂಚು. ಕುರ್ಚಿ ಕಾಲು ಮರಳಲ್ಲಿ ಇಳಿಯುತ್ತದೆ, ಮೊದಲೇ ನೀವು ಕೂತು ಅದುಮಿ ಗಟ್ಟಿ ಮಾಡಿ. ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಹಿರಿಯರು ಕುರ್ಚಿಯಲ್ಲಿ, ಮಕ್ಕಳು ಕಾಲಬಳಿ, ಉಳಿದವರು ಹಿಂದೆ ಅಂತ ಇರುತ್ತಿತ್ತಲ್ಲ, ನಗಬೇಡಿ, ಎಲ್ಲರ ಮುಖ ಕಾಣೋಕೆ ಅದಕ್ಕಿಂತ ಒಳ್ಳೆಯ ದಾರಿ ನನಗಂತೂ ಸಿಕ್ಕಿಲ್ಲ. ಹಿಂದಿನ ಸಾಲಿನವರು ಮುಂದಿನವರಿಗೆ ಅಂಟಿಕೊಂಡ ಹಾಗೆ ನಿಲ್ಲಲಿ. ಫೋಕಸ್ ಮುಂದೆ ಕೂತವರ ಕಣ್ಣಿಗೆ.

ಈಗ ಕಡಲಗೆರೆ, ಅಂದರೆ ನೀರು ಆಕಾಶ ಸೇರುವ ಗೆರೆ. ತುಂಬ ಫೋಟೋಗಳಲ್ಲಿ ಇದು ಸರಿಯಾಗಿ ಕತ್ತಿನ ಮೇಲೆ ಹಾದುಹೋಗಿರುತ್ತದೆ, ಕುಯ್ದು ಇಟ್ಟ ಹಾಗೆ. ಆ ಗೆರೆ ಯಾವಾಗಲೂ ನಿಮ್ಮ ಲೆನ್ಸಿನ ಎತ್ತರಕ್ಕೇ ಬೀಳುತ್ತದೆ. ನೀವು ನಿಂತು ಕಣ್ಣಿಗೆ ಕ್ಯಾಮೆರಾ ಹಿಡಿದರೆ ನಿಮ್ಮಷ್ಟೇ ಎತ್ತರದವರ ಕಣ್ಣಿನ ಮೇಲೇ ಗೆರೆ. ಮಂಡಿಯೂರಿದರೆ ಅವರ ಸೊಂಟಕ್ಕೋ ಎದೆಗೋ ಇಳಿಯುತ್ತದೆ, ತಲೆಗಳೆಲ್ಲ ಖಾಲಿ ಆಕಾಶದಲ್ಲಿ. ಮೇಲಿಂದ ನೋಡುವ ಯಾಶಿಕಾ ಮ್ಯಾಟ್ ಥರದ ಕ್ಯಾಮೆರಾ ಇದ್ದವರು ಇಲ್ಲಿ ಗೆದ್ದರು, ಅದನ್ನು ಹಿಡಿಯುವುದೇ ಹೊಟ್ಟೆಯ ಹತ್ತಿರ. ಇಲ್ಲವಾದರೆ ಬಂಡೆಯ ಮೇಲೆ ಹತ್ತಿ, ಆಗ ಗೆರೆ ತಲೆಗಳ ಮೇಲೆ ಹೋಗುತ್ತದೆ, ಹಿಂದೆ ಬರೀ ನೀರು. ಎರಡರಲ್ಲಿ ಯಾವುದಾದರೂ ಸರಿ. ಗೆರೆ ಸೊಟ್ಟ ಮಾತ್ರ ಆಗಬಾರದು, ಕಡಲು ಒಂದು ಕಡೆ ಸುರಿದುಹೋಗುವ ಹಾಗೆ ಕಾಣುತ್ತದೆ.

ಬೆಳಗಿನ ಬಿಸಿಲಿಗೆ ಒಂದು ಕೆಟ್ಟ ಗುಣ ಇದೆ, ನೆರಳು ಉದ್ದ. ಸೂರ್ಯ ನಿಮ್ಮ ಬೆನ್ನ ಹಿಂದೆ, ನಿಮ್ಮ ನೆರಳು ಸೀದಾ ಹೋಗಿ ಅತ್ತೆಯ ಮಡಿಲಲ್ಲಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಆಗ್ನೇಯದ ಕಡೆ ಇರುವುದರಿಂದ ನೀವು ಅವರ ನೇರ ಎದುರಿಗೆ, ಪೂರ್ವಕ್ಕೆ ನಿಂತರೆ ನೆರಳು ನಿಮ್ಮ ಬಲಕ್ಕೆ ಜಾರಿ ಹೋಗುತ್ತದೆ. ಆದರೂ ಮರಳು ನೋಡಿಕೊಂಡು ನಿಲ್ಲಿ. ಬೆಳಕು ಸ್ವಲ್ಪ ಓರೆಯಾಗಿ ಬಿದ್ದರೆ ಮುಖಕ್ಕೆ ಆಕಾರವೂ ಬರುತ್ತದೆ, ಕಣ್ಣೂ ಚುಚ್ಚುವುದಿಲ್ಲ.

ಕಣ್ಣು ಮುಚ್ಚುವವರ ವಿಷಯ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನೇ ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ (ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವುದು) ಬಹುಮಾನ ತಗೊಂಡರು. 20ಕ್ಕಿಂತ ಕಮ್ಮಿ ಜನ ಇದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ, ಬೆಳಕು ಕಮ್ಮಿ ಇದ್ದರೆ 2ರಿಂದ, ಅಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುವ ಸಾಧ್ಯತೆ ಚೆನ್ನಾಗಿದೆ ಅಂತ. ಒಂಬತ್ತು ಜನಕ್ಕೆ ಮೂರು. ನಮ್ಮನೆಯವರಿಗೆ ನಾನು ಐದು ತೆಗೆಯುತ್ತೇನೆ. "ಎಲ್ಲರೂ ಕಣ್ಣು ಮುಚ್ಚಿ, ಮೂರು ಅಂದಾಗ ತೆರೀರಿ" ಅನ್ನುವ ಉಪಾಯವೂ ಕೆಲಸ ಮಾಡುತ್ತದೆ. ಮೂರು ಅಂದು ಅರ್ಧ ಕ್ಷಣ ಬಿಟ್ಟು ಒತ್ತಿ. ಐದೂ ಆದ ಮೇಲೆ ಎಲ್ಲರೂ ಉಸಿರು ಬಿಟ್ಟು ಚದುರುತ್ತಾರಲ್ಲ, ಆಗ ಇನ್ನೊಂದು ಕ್ಲಿಕ್ ಮಾಡಿ. ಯಾರೋ ಅಜ್ಜಿಯನ್ನು ಎಬ್ಬಿಸುತ್ತಿರುತ್ತಾರೆ, ಪುಟ್ಟಿ ನೀರಿಗೆ ಓಡುತ್ತಿರುತ್ತಾಳೆ. ನಮ್ಮನೆಯಲ್ಲಿ ಗೋಡೆಗೆ ಹೋದದ್ದು ಆ ಆರನೆಯದೇ.

ನೀವೂ ಫೋಟೋದಲ್ಲಿ ಇರಬೇಕಾದರೆ ಟ್ರೈಪಾಡ್ ಕಾಲುಗಳನ್ನು ಒದ್ದೆ ಮರಳಿನಲ್ಲಿ ಚೆನ್ನಾಗಿ ಅದುಮಿ, ಸೆಲ್ಫ್ ಟೈಮರ್ ಇರುವ ಕ್ಯಾಮೆರಾ ಆದರೆ (ಕೆ1000ದಲ್ಲಿ ಅದಿಲ್ಲ) ಸುಮಾರು ಹತ್ತು ಸೆಕೆಂಡು ಕೊಡುತ್ತದೆ, ಐದು ಮೀಟರ್ ಓಡೋಕೆ ಸಾಕು. ಕಡಲಿಗೆ ಬೆನ್ನು ಮಾಡಿ ನಿಂತವರಿಗೆ ಅಲೆ ಕಾಣುವುದಿಲ್ಲ, ಆದ್ದರಿಂದ ನೀರಿನಿಂದ ದೂರವೇ ನಿಲ್ಲಿಸಿ, ಒಬ್ಬರು ಅಲೆ ನೋಡುತ್ತಿರಲಿ.

ಸಂಜೆಯೇ ಬೇಕು ಅಂದರೆ

ಹಟ ಮಾಡುವವರು ಇದ್ದೇ ಇರುತ್ತಾರೆ. ಹಾಗಾದರೆ ಅಂಗೈಯನ್ನು ಅವರ ಮುಖ ಯಾವ ಕಡೆಗಿದೆಯೋ ಆ ಕಡೆಗೇ ತಿರುಗಿಸಿ, ನೆರಳಿನ ಬೆಳಕನ್ನು ಅಳೆಯಿರಿ. ಹಿಂದಿನ ಆಕಾಶ ಬೆಳ್ಳಗಾದರೂ ನೆಗೆಟಿವ್ ಅದನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಫ್ಲ್ಯಾಶ್ ಇದ್ದರೆ ಹಾಕಿ. ಆಟೋ ಫ್ಲ್ಯಾಶಿಗೆ ಎಫ್ 5.6 ಅಂತ ಹೇಳಿ ಲೆನ್ಸನ್ನು ಎಫ್ 8ರಲ್ಲಿ ಇಟ್ಟರೆ ಫ್ಲ್ಯಾಶ್ ಒಂದು ಸ್ಟಾಪ್ ಕಮ್ಮಿ ಹೊಡೆಯುತ್ತದೆ, ಮದುವೆ ಫೋಟೋದ ಹಾಗೆ ಎದ್ದು ಕಾಣುವುದಿಲ್ಲ. ಶಟರ್ ಮಿತಿ ನೆನಪಿರಲಿ, ಕೆ1000ಕ್ಕೆ 1/60, ಎಫ್‌ಎಂ10ಕ್ಕೆ 1/125, ಅದಕ್ಕಿಂತ ವೇಗವಾಗಿ ಇಟ್ಟರೆ ಫೋಟೋದ ಒಂದು ಭಾಗಕ್ಕೆ ಫ್ಲ್ಯಾಶ್ ಬೆಳಕು ಮುಟ್ಟುವುದೇ ಇಲ್ಲ.

ತೊಳೆಸುವುದು

ಬೀಚಿನಿಂದ ಬಂದ ಕೂಡಲೇ ಕ್ಯಾಮೆರಾವನ್ನು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಮರಳನ್ನು ಮೊದಲು ಊದುವ ರಬ್ಬರ್ ಬುರುಡೆಯಿಂದ ಊದಿ, ಒರೆಸಿದರೆ ಗೀರು ಬೀಳುತ್ತದೆ. ಟ್ರೈಪಾಡನ್ನು ನಲ್ಲಿ ಕೆಳಗೇ ತೊಳೆಯಿರಿ.

ಬೆಂಗಳೂರಿನಲ್ಲಿ ಈಗಲೂ ರೀಲು ತೊಳೆದು ಸ್ಕ್ಯಾನ್ ಮಾಡಿಕೊಡುವವರಿದ್ದಾರೆ. ಕೊಡುವಾಗಲೇ "ನೆಗೆಟಿವ್ ವಾಪಸ್ ಬೇಕು" ಅಂತ ಹೇಳಿ, ಕವರಿನ ಮೇಲೂ ಬರೆಸಿ. ಸ್ಕ್ಯಾನ್ ಬಂದರೆ ಸಾಕು ಅಂತ ನೆಗೆಟಿವ್ ಬಿಟ್ಟುಬರುವವರು ತುಂಬ ಜನ, ನಾಳೆ ದೊಡ್ಡದಾಗಿ ಪ್ರಿಂಟ್ ಹಾಕಿಸೋಕೆ ಅದೇ ಬೇಕಾಗುತ್ತದೆ. ಮುಖಗಳು ಹಸಿರು ಛಾಯೆಯಲ್ಲಿ ಬಂದರೆ ರೀಲು ಕೆಟ್ಟಿತು ಅಂದುಕೊಳ್ಳಬೇಡಿ, ಎಷ್ಟೋ ಸಲ ಅದು ಸ್ಕ್ಯಾನಿನ ಬಣ್ಣ. ಮತ್ತೊಮ್ಮೆ ಸರಿಮಾಡಿಕೊಡಿ ಅಂತ ಕೇಳಿ.

8ಕ್ಕೆ 12 ಇಂಚಿನ ಪ್ರಿಂಟ್ ಎರಡು ಹಾಕಿಸಿ, ಒಂದು ಅಜ್ಜಿಗೆ. ಹಿಂದೆ ಊರು, ತಾರೀಕು, ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯಿರಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದೆ ಮುಖದ ಮೇಲೆ ಅಕ್ಷರ ಉಬ್ಬುತ್ತದೆ, ಸಣ್ಣ ಮಾರ್ಕರಿನಲ್ಲಿ ಮೆಲ್ಲಗೆ ಬರೆದು, ಶಾಯಿ ಪೂರ್ತಿ ಒಣಗಿದ ಮೇಲಷ್ಟೇ ಒಂದರ ಮೇಲೊಂದು ಇಡಿ.